ಜಿಟಿ86: ಎಷ್ಟು ಬದಲಿಸಬೇಕು, ಎಷ್ಟು ಹಾಗೇ ಬಿಡಬೇಕು

ಟೊಯೋಟಾ ಜಿಟಿ86 ಕೊಂಡವರು ಯಾರೇ ಆಗಲಿ, ಇಂದಲ್ಲ ನಾಳೆ ಒಂದು ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ: ಕಾರನ್ನು ಕಂಪನಿ ಕೊಟ್ಟ ಹಾಗೆಯೇ ಇಟ್ಟುಕೊಳ್ಳುವುದೋ, ಇಲ್ಲ ನಮಗೆ ಬೇಕಾದಂತೆ ಮಾಡಿಫೈ ಮಾಡಿಸುವುದೋ. ಈ ಪ್ರಶ್ನೆ ಈ ಕಾರಿನ ಹುಟ್ಟಿನೊಂದಿಗೇ ಬಂದದ್ದು. 2012ರಲ್ಲಿ ಮಾರುಕಟ್ಟೆಗೆ ಬಂದ ಇದನ್ನು ಟೊಯೋಟಾ ಮತ್ತು ಸುಬಾರು ಕಂಪನಿಗಳು ಕೂಡಿ ರೂಪಿಸಿದವು. ತಯಾರಾದದ್ದು ಜಪಾನಿನ ಗುನ್ಮಾ ಪ್ರಾಂತ್ಯದ ಸುಬಾರು ಕಾರ್ಖಾನೆಯಲ್ಲಿ. ಮುಂದೆ ಎರಡು ಲೀಟರಿನ, ಟರ್ಬೊ ಇಲ್ಲದ ಬಾಕ್ಸರ್ ಎಂಜಿನ್, ಅಂದರೆ ಸಿಲಿಂಡರುಗಳು ಎರಡು ಬದಿಗೆ ಅಡ್ಡವಾಗಿ ಮಲಗಿರುವಂಥದ್ದು. ಎಳೆಯುವ ಶಕ್ತಿ ಹಿಂದಿನ ಚಕ್ರಗಳಿಗೆ. 7,000 ಆರ್‌ಪಿಎಂನಲ್ಲಿ 200 ಅಶ್ವಶಕ್ತಿ. ತೂಕ ಸುಮಾರು 1,240 ಕಿಲೊ. ಸಿಲಿಂಡರಿನ ವ್ಯಾಸವೂ 86 ಮಿಲಿಮೀಟರ್, ಪಿಸ್ಟನ್ ಸಾಗುವ ದೂರವೂ 86 ಮಿಲಿಮೀಟರ್. ಟೊಯೋಟಾ ಕಡೆಯಿಂದ ಇದರ ಮುಖ್ಯ ಎಂಜಿನಿಯರ್ ಆಗಿದ್ದ ತೆತ್ಸುಯಾ ತಾದಾ ಅವರ ತಂಡವು ಕಾರಿನ ವೇಗಕ್ಕಿಂತ ಅದನ್ನು ಓಡಿಸುವವನ ಕೈಗೆ ಸಿಗುವ ಅನುಭವವನ್ನು ಮುಖ್ಯವೆಂದು ಭಾವಿಸಿತ್ತು. ಅದಕ್ಕಾಗಿಯೇ ಸ್ಪೋರ್ಟ್ಸ್ ಕಾರಿಗೆ ಅಷ್ಟೇನೂ ಅಗಲವಲ್ಲದ 215/45 ಆರ್17 ಅಳತೆಯ ಟೈರುಗಳನ್ನು, ಅದರಲ್ಲೂ ಹಿಡಿತಕ್ಕಿಂತ ಬಾಳಿಕೆಗೆ ಹೆಸರಾದ ಮಿಶೆಲಿನ್ ಪ್ರೈಮಸಿ ಟೈರುಗಳನ್ನು ಕೊಟ್ಟರು. ಅದೇ ಟೈರು ಪ್ರಿಯಸ್ ಕಾರಿಗೂ ಬರುತ್ತಿತ್ತು.

ಹೀಗಾಗಿ ವಾದ ಎರಡು ದಿಕ್ಕಿಗೂ ಬಲವಾಗಿ ಹೋಗುತ್ತದೆ. ಹಿಡಿತ ಬೇಕೆಂದೇ ಕಡಿಮೆ ಮಾಡಿರುವುದರಿಂದ, ಮಧ್ಯಮ ವೇಗದಲ್ಲೂ ಕಾರು ಜಾರಲು ಆರಂಭಿಸುವ ಹಂತವನ್ನು ಚಾಲಕ ಕಾಣಬಹುದು, ಕಲಿಯಬಹುದು. ಅದನ್ನು ಬದಲಿಸಿದರೆ ಕಾರಿನ ಗುಣವೇ ಹೋಗುತ್ತದೆ ಎಂಬುದು ಒಂದು ಪಕ್ಷ. ತಯಾರಕರು ಉಳಿತಾಯಕ್ಕಾಗಿ ಬಿಟ್ಟುಕೊಟ್ಟದ್ದನ್ನು ಮಾಲೀಕ ತುಂಬಿಕೊಳ್ಳಬೇಕು, ಈ ಕಾರನ್ನು ಮಾಡಿದ್ದೇ ಅದಕ್ಕಾಗಿ ಎಂಬುದು ಇನ್ನೊಂದು ಪಕ್ಷ. ಎರಡೂ ಪಕ್ಷದವರ ಮಾತನ್ನು ವರ್ಷಗಟ್ಟಲೆ ಓದಿದ ಮೇಲೆ ನನಗೆ ತೋರಿದ್ದು ಇಷ್ಟು: ನಮ್ಮ ಕಾರಿನಲ್ಲಿ, ನಾವು ಓಡಿಸುವ ರಸ್ತೆಯಲ್ಲಿ, ಯಾವ ಭಾಗ ಮೊದಲು ತನ್ನ ಮಿತಿಯನ್ನು ಮುಟ್ಟುತ್ತದೆ ಎಂಬುದನ್ನು ಅಳೆದು ನೋಡದೆ ಈ ಪ್ರಶ್ನೆಗೆ ಉತ್ತರ ಹೇಳಲಾಗುವುದಿಲ್ಲ. ನಾನು ಅಳೆದು ನೋಡಲು ಹೊರಟ ಬಗೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೆಲಸದ ನಿಮಿತ್ತ ಜರ್ಮನಿಯ ಸ್ಟುಟ್‌ಗಾರ್ಟ್ ಸಮೀಪ ನೆಲೆಸಿದ್ದೇನೆ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು, ಅದೂ ಆಗಲೇ ಮಾಡಿಫೈ ಆಗಿದ್ದದ್ದು. ಹಿಂದಿನ ಮಾಲೀಕರು ಕಾರನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗುಗಳನ್ನು, ಹದಿನೆಂಟು ಇಂಚಿನ ಚಕ್ರಗಳನ್ನು, ದಪ್ಪ ಕೊಳವೆಯ ಸೈಲೆನ್ಸರನ್ನು ಹಾಕಿಸಿದ್ದರು. ಚಕ್ರಗಳ ವಿವರ ಕಾರಿನ ಆರ್‌ಸಿಯಲ್ಲಿ ನಮೂದಾಗಿತ್ತು. ಸೈಲೆನ್ಸರಿನ ಮೇಲೆ ಯೂರೋಪಿನ ಅನುಮೋದನೆಯ ‘ಇ’ ಗುರುತಿತ್ತು. ಆದರೆ ಸ್ಪ್ರಿಂಗುಗಳ ವಿವರ ಎಲ್ಲಿಯೂ ಇರಲಿಲ್ಲ. ಇದು ತಿಳಿದೇ, ಬೆಲೆಯಲ್ಲಿ ಅದಕ್ಕೆ ತಕ್ಕ ರಿಯಾಯಿತಿ ಪಡೆದೇ ಕೊಂಡೆ. ಎಂಜಿನ್ನು, ಗೇರ್‌ಬಾಕ್ಸು ಮುಟ್ಟಿಸಿಕೊಂಡಿರಲಿಲ್ಲ ಎಂಬುದೇ ನನಗೆ ಮುಖ್ಯವಾಗಿತ್ತು.

ಜರ್ಮನಿಯ ನಿಯಮವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಇಲ್ಲಿ ವಾಹನವನ್ನು ಬದಲಿಸಲು ಅವಕಾಶವಿದೆ, ಆದರೆ ಮುಖ್ಯವಾದ ಪ್ರತಿಯೊಂದು ಬದಲಾವಣೆಗೂ ಕಾಗದದ ಆಧಾರ ಬೇಕು. ವಾಹನ ಅನುಮತಿ ನಿಯಮಾವಳಿಯ 19ನೆಯ ವಿಧಿಯ ಪ್ರಕಾರ, ಬದಲಾವಣೆಯಿಂದ ವಾಹನದ ವರ್ಗವೇ ಬದಲಾದರೆ, ರಸ್ತೆಯಲ್ಲಿರುವ ಇತರರಿಗೆ ಅಪಾಯ ಉಂಟಾಗುವಂತಿದ್ದರೆ, ಅಥವಾ ಹೊಗೆ ಇಲ್ಲವೇ ಸದ್ದು ಹೆಚ್ಚಿದರೆ, ವಾಹನಕ್ಕೆ ರಸ್ತೆಯಲ್ಲಿ ಓಡಲು ಇರುವ ಅನುಮತಿಯೇ ರದ್ದಾಗುತ್ತದೆ. ಅದನ್ನು ತಪ್ಪಿಸಲು ಮೂರು ದಾರಿಗಳಿವೆ. ಕೆಲವು ಭಾಗಗಳಿಗೆ ಸಾಮಾನ್ಯ ಅನುಮತಿ ಪತ್ರವಿರುತ್ತದೆ. ಆ ಕಾಗದ ಕಾರಿನಲ್ಲಿದ್ದರೆ ಸಾಮಾನ್ಯವಾಗಿ ಸಾಕು. ಕೆಲವಕ್ಕೆ ಟೈಲೆಗುಟಾಖ್ಟನ್ ಎಂಬ ತಾಂತ್ರಿಕ ವರದಿ ಬರುತ್ತದೆ. ಅಂಥ ಭಾಗವನ್ನು ಹಾಕಿಸಿದ ಕೂಡಲೇ ಟ್ಯೂಫ್, ಡೆಕ್ರಾದಂತಹ ಮಾನ್ಯತೆ ಪಡೆದ ಸಂಸ್ಥೆಯ ಪರೀಕ್ಷಕರಿಗೆ ಕಾರನ್ನು ತೋರಿಸಿ ಪ್ರಮಾಣಪತ್ರ ಪಡೆಯಬೇಕು. ಯಾವ ಕಾಗದವೂ ಇಲ್ಲದಿದ್ದರೆ ಆ ಒಂದು ಕಾರಿಗಾಗಿಯೇ ಪ್ರತ್ಯೇಕ ಪರೀಕ್ಷೆ ನಡೆಯಬೇಕಾಗುತ್ತದೆ. ಅದು ಶ್ರಮದ, ಖರ್ಚಿನ ಮಾತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಕ್ರದ ವರದಿಯನ್ನು ಬರೆದವರು ಕಾರಿನ ಸ್ಪ್ರಿಂಗು ಕಂಪನಿಯದೇ ಎಂದು ಎಣಿಸಿ ಬರೆದಿರುತ್ತಾರೆ. ಸ್ಪ್ರಿಂಗಿನ ವರದಿಯನ್ನು ಬರೆದವರು ಚಕ್ರ ಕಂಪನಿಯದೇ ಎಂದು ಎಣಿಸಿರುತ್ತಾರೆ. ಎರಡನ್ನೂ ಕೂಡಿಸಿದಾಗ ಎರಡು ವರದಿಗಳೂ ಪೂರ್ಣ ಆಧಾರವಾಗುವುದಿಲ್ಲ. ಕೂಡಿದ ಸ್ಥಿತಿಯನ್ನು ಪರೀಕ್ಷಕರು ಬೇರೆಯಾಗಿಯೇ ನೋಡಬೇಕು. ಕಾನೂನಿನ ಈ ಮಾತು ತಾಂತ್ರಿಕವಾಗಿಯೂ ನಿಜ ಎಂಬುದು ನನಗೆ ಮುಂದೆ ಕಾರಿನ ಕೆಳಗೆ ನಿಂತಾಗ ಸ್ಪಷ್ಟವಾಯಿತು.

ಮೈಸೂರಿನಲ್ಲಿರುವ ನನ್ನ ಭಾವನವರ ಬಳಿ ಪೋಲೊ ಜಿಟಿ ಇದೆ. ಅದನ್ನು ರೀಮ್ಯಾಪ್ ಮಾಡಿಸುವ, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿ ಶಕ್ತಿ ಹೆಚ್ಚಿಸುವ ಯೋಚನೆ ಅವರಿಗೆ ಬಹಳ ಕಾಲದಿಂದ ಇತ್ತು. ಇಲ್ಲಿನ ಈ ವ್ಯವಸ್ಥೆಯನ್ನು ಫೋನಿನಲ್ಲಿ ವಿವರಿಸಿದಾಗ, “ಅಲ್ಲಿ ತೋರಿಸೋಕೆ ಒಂದು ಜಾಗ ಆದ್ರೂ ಇದೆಯಲ್ಲಪ್ಪ, ಇಲ್ಲಿ ನಾನು ಯಾರಿಗೆ ತೋರಿಸಲಿ?” ಎಂದರು. ಅವರ ಮಾತಿನಲ್ಲಿ ಹುರುಳಿದೆ. ಭಾರತದ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಬಹುದು. ಸಿಎನ್‌ಜಿ ಕಿಟ್ಟಿನಂತಹ ಕೆಲವಕ್ಕೆ ದಾರಿಯಿದೆ. ಉತ್ಸಾಹಿಗಳು ಬಯಸುವ ಸಸ್ಪೆನ್ಷನ್, ಎಂಜಿನ್ ಬದಲಾವಣೆಗಳಿಗೆ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಸುಲಭದ ವ್ಯವಸ್ಥೆ ಇಲ್ಲ. ಆದ್ದರಿಂದ ನನ್ನ ಅನುಭವವನ್ನು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಇರುವವರು ಹಾಗೆಯೇ ಅನುಸರಿಸಲು ಬರುವುದಿಲ್ಲ. ಆದರೆ ಏನನ್ನು ಮುಟ್ಟಬೇಕು, ಏನನ್ನು ಬಿಡಬೇಕು ಎಂದು ಯೋಚಿಸುವ ಕ್ರಮ ಎಲ್ಲಿಯಾದರೂ ಒಂದೇ.

ಕಾರು ಮನೆಗೆ ಬಂದ ಮೇಲೆ ನಾನು ಮಾಡಿದ ಮೊದಲ ತೀರ್ಮಾನವೆಂದರೆ ಅದನ್ನು ಪೂರ್ತಿಯಾಗಿ ಸ್ಟಾಕ್ ಸ್ಥಿತಿಗೆ, ಅಂದರೆ ಕಂಪನಿ ಕೊಟ್ಟ ಮೂಲ ರೂಪಕ್ಕೆ ತರುವುದು. ಇದ್ದ ಸ್ಪ್ರಿಂಗುಗಳನ್ನು ಪರೀಕ್ಷಕರಿಗೆ ತೋರಿಸಿ ನಮೂದು ಮಾಡಿಸಿಕೊಂಡರೆ ಖರ್ಚು ಕಡಿಮೆಯಾಗುತ್ತಿತ್ತು. ಆದರೆ ಆ ಕಾರು ನನಗೆ ಬೇರೆಯವರ ಅಳತೆಗೆ ಹೊಲಿಸಿದ ಅಂಗಿಯಂತೆ ಕಾಣುತ್ತಿತ್ತು. ಅದರಲ್ಲಿ ಟೊಯೋಟಾದ ಎಂಜಿನಿಯರುಗಳು ಇಟ್ಟದ್ದು ಯಾವುದು, ಹಿಂದಿನ ಮಾಲೀಕರ ಅಭಿರುಚಿ ಯಾವುದು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಮೂಲವನ್ನೇ ಅರಿಯದವನು ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಗೆ ತೀರ್ಮಾನಿಸುತ್ತಾನೆ? ಮೂಲ ಭಾಗಗಳನ್ನು ಹುಡುಕುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಈ ಕಾರನ್ನು ಬಹಳ ಜನ ಬದಲಿಸುವುದರಿಂದ, ಹೆಚ್ಚು ಓಡದ ಮೂಲ ಸ್ಪ್ರಿಂಗು, ಸೈಲೆನ್ಸರು, ಹದಿನೇಳು ಇಂಚಿನ ಚಕ್ರಗಳು ಮನೆಗಳ ನೆಲಮಾಳಿಗೆಯಲ್ಲಿ ಬಿದ್ದಿರುತ್ತವೆ. ಅವನ್ನು ಅಗ್ಗದ ಬೆಲೆಗೆ ಮಾರುವವರು ಎಷ್ಟೋ ಮಂದಿ. ಶಾಕ್ ಅಬ್ಸಾರ್ಬರುಗಳು ಮತ್ತು ಅವುಗಳ ಮೇಲಿನ ರಬ್ಬರ್ ಭಾಗಗಳನ್ನು ಮಾತ್ರ ಹೊಸದಾಗಿ ತರಿಸಿದೆ.

ಇಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಗ್ಯಾರೇಜುಗಳಿವೆ. ಲಿಫ್ಟು, ಪಾನಾ, ಸ್ಪ್ರಿಂಗ್ ಅದುಮುವ ಸಾಧನ ಎಲ್ಲ ಅವರೇ ಕೊಡುತ್ತಾರೆ. ಕೆಲಸ ನಮ್ಮದು, ಅಗತ್ಯ ಬಿದ್ದರೆ ಅಲ್ಲಿನ ಮೆಕ್ಯಾನಿಕ್ ಬಂದು ನೋಡುತ್ತಾರೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು ಕೂಡಿರುವ ಮುಂದಿನ ಸ್ಟ್ರಟ್ ಕಳಚಿ, ಸ್ಪ್ರಿಂಗನ್ನು ಜಾಗ್ರತೆಯಾಗಿ ಅದುಮಿ, ಮೇಲಿನ ನಟ್ಟು ಬಿಚ್ಚಿದಾಗ ಬಂಪ್ ಸ್ಟಾಪ್ ಕೈಗೆ ಬಂತು. ಶಾಕ್ ಅಬ್ಸಾರ್ಬರಿನ ಕಂಬಿ ಪೂರ್ತಿ ಒಳಗೆ ಹೋದಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವ ಮೆತ್ತನೆಯ ಬಿಲ್ಲೆ ಅದು. ಬೆರಳಿನಿಂದ ಒತ್ತಿದರೆ ಒಂದು ಬದಿ ಹಳದಿ ಪುಡಿಯಾಗಿ ಉದುರಿತು. ಕಾರಣ ಸರಳ: ಕಾರನ್ನು ತಗ್ಗಿಸಿದಾಗ ಸಸ್ಪೆನ್ಷನ್ ಮೇಲಕ್ಕೆ ಸಾಗಲು ಇರುವ ಜಾಗ ಕಡಿಮೆಯಾಗುತ್ತದೆ, ಎಂದೋ ಒಮ್ಮೆ ಬಳಕೆಗೆ ಬರಬೇಕಾದ ಬಂಪ್ ಸ್ಟಾಪ್ ಪ್ರತಿ ಉಬ್ಬಿನಲ್ಲೂ ಭಾರ ಹೊರಬೇಕಾಗುತ್ತದೆ. ತಿರುವಿನ ನಡುವೆ ಹೀಗಾದರೆ ಆ ಚಕ್ರದ ಸಸ್ಪೆನ್ಷನ್ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ, ಟೈರು ಹಿಡಿತ ಬಿಡುತ್ತದೆ. ಜೊತೆಗೆ, ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ ವ್ಯವಸ್ಥೆಯಲ್ಲಿ ಕೆಳಗಿನ ತೋಳು ಮೂಲತಃ ಹೊರಕ್ಕೆ ಇಳಿಜಾರಾಗಿರಬೇಕು. ಕಾರು ತಗ್ಗಿದಷ್ಟೂ ಆ ತೋಳು ಮಟ್ಟವಾಗಿ, ಆಮೇಲೆ ಮೇಲ್ಮುಖವಾಗಿ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಕಾರಿನ ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ನೋಡಲು ನೆಲಕ್ಕಂಟಿದಂತೆ ಕಾಣುವ ಕಾರು ವಾಲುವ ಬಲವನ್ನು ಹೆಚ್ಚಿಸಿಕೊಂಡಿರುತ್ತದೆ. ನೋಟಕ್ಕಾಗಿ ಸ್ಪ್ರಿಂಗು ಬದಲಿಸುವವರಿಗೆ ಇದನ್ನು ಯಾರೂ ಹೇಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸ್ಟಾಕ್ ಸ್ಥಿತಿಗೆ ಬಂದ ಕಾರು ನೋಡಲು ಎತ್ತರವಾಗಿತ್ತು, ಚಕ್ರ ಮತ್ತು ಮಡ್‌ಗಾರ್ಡಿನ ನಡುವೆ ಬೆರಳುಗಳು ಹೋಗುವಷ್ಟು ಅಂತರವಿತ್ತು. ಆದರೆ ಶ್ವಾಬಿಯನ್ ಆಲ್ಬ್ ಬೆಟ್ಟಗಳ ಹಳ್ಳಿ ರಸ್ತೆಗಳಲ್ಲಿ, ಡಾಂಬರು ತೇಪೆ ಹಾಕಿದ ತಿರುವುಗಳಲ್ಲಿ, ಅದು ಮೊದಲ ಬಾರಿಗೆ ಚಕ್ರದ ಕೆಳಗಿನ ಸುದ್ದಿಯನ್ನು ನೆಮ್ಮದಿಯಾಗಿ ಕೈಗೆ ತಲುಪಿಸಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ದಾರಿಯುದ್ದಕ್ಕೂ ಮಾತಾಡುತ್ತಲೇ ಬಂದಳು. ಹಿಂದೆ ಪ್ರತಿ ಹಳ್ಳಕ್ಕೂ ಮಾತು ನಿಲ್ಲಿಸಿ ಬಾಗಿಲ ಹಿಡಿಯನ್ನು ಹಿಡಿದುಕೊಳ್ಳುತ್ತಿದ್ದಳು.

ಆ ಒಂದು ಋತುವನ್ನು ಪೂರ್ತಿ ಹೀಗೆಯೇ ಓಡಿಸಿದೆ. ನನ್ನದು ಋತುಮಾನದ ನಂಬರ್ ಪ್ಲೇಟು, ಅದರ ಅಂಚಿನಲ್ಲಿ 04 ಮತ್ತು 10 ಎಂದು ಮುದ್ರಿತವಾಗಿದೆ. ಅಂದರೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಕಾರು ರಸ್ತೆಗಿಳಿಯಬಹುದು. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್‌ವರೆಗೆ ಬ್ಲ್ಯಾಕ್ ಫಾರೆಸ್ಟಿನ ನೆತ್ತಿಯ ಮೇಲೆ ಸಾಗುವ ಬಿ500 ರಸ್ತೆಯಲ್ಲಿಯೂ, ಸಾರ್ವಜನಿಕರು ಹಣ ಕೊಟ್ಟು ತಮ್ಮ ಕಾರನ್ನು ಓಡಿಸಬಹುದಾದ ಸಂಜೆಗಳಲ್ಲಿ ಹೊಕೆನ್‌ಹೈಮ್ ಟ್ರ್ಯಾಕಿನಲ್ಲಿಯೂ ಓಡಿಸಿ, ಪ್ರತಿ ಸಲವೂ ಟೈರಿನ ಒತ್ತಡ, ಟೈರಿನ ಮೂರು ಕಡೆಯ ಸವೆತ, ಬ್ರೇಕ್ ಪೆಡಲಿನ ಸ್ಥಿತಿಯನ್ನು ಬರೆದಿಟ್ಟುಕೊಂಡೆ. ಟ್ರ್ಯಾಕಿಗೆ ಹೋಗುವ ಮುನ್ನ ವಿಮೆಯ ಷರತ್ತನ್ನು ಓದಿಕೊಳ್ಳಬೇಕು. ಇಲ್ಲಿನ ಹಲವು ಪಾಲಿಸಿಗಳು ರೇಸ್ ಟ್ರ್ಯಾಕಿನ ಓಟವನ್ನು ಸ್ಪಷ್ಟವಾಗಿ ಹೊರಗಿಡುತ್ತವೆ, ನನ್ನ ಪಾಲಿಸಿಯೂ ಅಂಥದ್ದೇ. ಆ ಹೊಣೆ ನನ್ನ ಮೇಲಿದೆ ಎಂಬ ಅರಿವಿನಲ್ಲೇ ಓಡಿಸಿದೆ.

ಮೊದಲು ಮಿತಿ ಮುಟ್ಟಿದ್ದು ಎಂಜಿನ್ನಲ್ಲ, ಬ್ರೇಕ್ ಆಯಿಲ್. 4.574 ಕಿಲೋಮೀಟರ್ ಉದ್ದದ ಹೊಕೆನ್‌ಹೈಮ್ ಟ್ರ್ಯಾಕಿನಲ್ಲಿ ನೇರ ಓಟದ ಕೊನೆಗೆ ಬಿಗಿಯಾದ ತಿರುವು ಬರುತ್ತದೆ. ಅಲ್ಲಿ ಸುತ್ತು ಸುತ್ತಿಗೂ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೆಡಲು ಮೆತ್ತಗಾಗುತ್ತಾ ಬಂತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೀರಿದಷ್ಟೂ ಅದು ಕುದಿಯುವ ಉಷ್ಣಾಂಶ ಕಡಿಮೆಯಾಗುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ತಡೆಯಬೇಕು. ತೇವ ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ, ಗುಳ್ಳೆಯನ್ನು ಅದುಮಿದರೆ ಬ್ರೇಕಿಗೆ ಒತ್ತಡ ತಲುಪುವುದಿಲ್ಲ. ದೊಡ್ಡ ಬ್ರೇಕ್ ಕಿಟ್ ಹಾಕಿಸಿ ಎಂದು ಹಲವರು ಸಲಹೆ ಕೊಟ್ಟರು. ಆದರೆ ಮುಂದೆ 294, ಹಿಂದೆ 290 ಮಿಲಿಮೀಟರಿನ ಮೂಲ ಡಿಸ್ಕುಗಳು ಈ ಹಗುರ ಕಾರಿಗೆ ಸಾಕೆಂದು ನನ್ನ ಟಿಪ್ಪಣಿಗಳೇ ಹೇಳುತ್ತಿದ್ದವು. ಡಿಸ್ಕಿನಲ್ಲಿ ಬಿರುಕಿರಲಿಲ್ಲ, ನಿಲ್ಲುವ ದೂರ ತಂಪಾದ ಸ್ಥಿತಿಯಲ್ಲಿ ಬದಲಾಗಿರಲಿಲ್ಲ. ಹೆಚ್ಚು ಶಾಖ ತಡೆಯುವ ಬ್ರೇಕ್ ಆಯಿಲ್, ಯೂರೋಪಿನ ಆರ್90 ಅನುಮೋದನೆಯುಳ್ಳ ಗಟ್ಟಿ ಪ್ಯಾಡುಗಳು, ಇಷ್ಟರಿಂದ ತೊಂದರೆ ಬಗೆಹರಿಯಿತು. ಆರ್90 ಇರುವ ಪ್ಯಾಡಿಗೆ ಬೇರೆ ಪರೀಕ್ಷೆ ಬೇಕಿಲ್ಲ. ರೇಸಿಗೆಂದೇ ಮಾಡಿದ ಪ್ಯಾಡುಗಳಿಗೆ ಆ ಅನುಮೋದನೆ ಇರುವುದಿಲ್ಲ, ಮೇಲಾಗಿ ಅವು ತಂಪಾಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಬೆಳಗ್ಗೆ ಶಾಲೆಯ ಮುಂದೆ ಮಗುವೊಂದು ರಸ್ತೆಗೆ ಬಂದರೆ ಬೇಕಾದದ್ದು ತಂಪಾದ ಬ್ರೇಕಿನ ಹಿಡಿತ.

ಟೈರಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಪ್ರೈಮಸಿ ಟೈರುಗಳು ಸವೆದ ಮೇಲೆ ಅದೇ ಅಳತೆಯಲ್ಲಿ ಮಿಶೆಲಿನ್‌ನದೇ, ಹಿಡಿತ ಹೆಚ್ಚಿನ ಪೈಲಟ್ ಸ್ಪೋರ್ಟ್ 4 ಹಾಕಿಸಿದೆ. ಅಳತೆ ಬದಲಾಗದಿರುವುದರಿಂದ ಯಾವ ಕಾಗದವೂ ಬೇಕಿರಲಿಲ್ಲ. ಒದ್ದೆ ರಸ್ತೆಯಲ್ಲಿ ವ್ಯತ್ಯಾಸ ಅಪಾರ. ಮಳೆಯ ದಿನ ಆಟೊಬಾನ್‌ನಲ್ಲಿ ನನಗಿದ್ದ ಅಳುಕು ಹೋಯಿತು. ಆದರೆ ತಾದಾ ಅವರ ತಂಡ ಬೇಕೆಂದೇ ಇಟ್ಟಿದ್ದ ಆ ತೆಳುವಾದ ಜಾರುವಿಕೆ, ಸಣ್ಣ ವೇಗದಲ್ಲೇ ಹಿಂಬದಿ ಮೃದುವಾಗಿ ಸರಿಯುವ ಗುಣ, ಸ್ವಲ್ಪ ಹಿಂದೆ ಸರಿಯಿತು. ಇದು ನಷ್ಟವೇ. ಸುರಕ್ಷತೆಯ ಲಾಭವನ್ನು ಅದರ ಎದುರಿಗಿಟ್ಟು ತೂಗಿ, ಈ ಬದಲಾವಣೆಯನ್ನು ಉಳಿಸಿಕೊಂಡೆ. ಅಗಲ ಹೆಚ್ಚಿಸಿ 225 ಇಲ್ಲವೇ 235ಕ್ಕೆ ಹೋಗುವುದನ್ನು ಮಾತ್ರ ಒಪ್ಪಲಿಲ್ಲ. 200 ಅಶ್ವಶಕ್ತಿಗೆ ಅಷ್ಟು ಅಗಲದ ಟೈರು ಹಾಕಿದರೆ ಕಾರು ಹಳಿಯ ಮೇಲೆ ಓಡಬಹುದು, ಆದರೆ ಓಡಿಸುವವನಿಗೆ ಕೆಲಸ ಉಳಿಯುವುದಿಲ್ಲ.

ಎಂಜಿನ್ನಿನ ಬಗ್ಗೆ ನಾನು ಅತಿ ಹೆಚ್ಚು ಓದಿದ್ದು, ಅತಿ ಕಡಿಮೆ ಮಾಡಿದ್ದು. ಈ ಎಂಜಿನ್ನಿನ ಟಾರ್ಕ್ (ಚಕ್ರ ತಿರುಗಿಸುವ ಬಲ) ರೇಖೆಯಲ್ಲಿ ಸುಮಾರು 3,500ರಿಂದ 4,500 ಆರ್‌ಪಿಎಂ ನಡುವೆ ಒಂದು ತಗ್ಗು ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೂರನೇ ಗೇರಿನಲ್ಲಿ ಲಾರಿಯನ್ನು ದಾಟಲು ಹೊರಟಾಗ ಕಾರು ಒಂದು ಕ್ಷಣ ಉಸಿರು ಹಿಡಿದಂತಾಗುತ್ತದೆ. ಎಂಜಿನ್ನಿನಿಂದ ಹೊಗೆಯನ್ನು ಹೊರಕ್ಕೊಯ್ಯುವ ಮೊದಲ ಕೊಳವೆಗಳಾದ ಎಕ್ಸಾಸ್ಟ್ ಹೆಡರನ್ನು ಬದಲಿಸಿ ರೀಮ್ಯಾಪ್ ಮಾಡಿಸಿದರೆ ಆ ತಗ್ಗು ಬಹುಮಟ್ಟಿಗೆ ತುಂಬುತ್ತದೆ. ತೊಡಕೇನೆಂದರೆ, ಮೂಲ ಹೆಡರಿನ ಒಳಗೇ ಹೊಗೆಯ ವಿಷವನ್ನು ಕಡಿಮೆ ಮಾಡುವ ಮೊದಲ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಮಾರುಕಟ್ಟೆಯ ಎಷ್ಟೋ ಹೆಡರುಗಳು ಅದನ್ನು ತೆಗೆದೇ ಬರುತ್ತವೆ. ಅಂಥದ್ದನ್ನು ಹಾಕಿಸಿದರೆ ಹೊಗೆಯ ಮಿತಿ ಮೀರುತ್ತದೆ, ಕಾರಿನ ಅನುಮತಿ ರದ್ದಾಗುತ್ತದೆ. ಇದೆಲ್ಲಕ್ಕಿಂತ ಮುಂಚೆ, ನಾವೆಲ್ಲ ಉಸಿರಾಡುವ ಗಾಳಿಗೆ ನನ್ನ ಹವ್ಯಾಸದ ಬೆಲೆ ಕಟ್ಟಿಸುವುದು ನನಗೆ ಸರಿ ಕಾಣಲಿಲ್ಲ. ಸೂಪರ್‌ಚಾರ್ಜರ್ ಕಿಟ್ ಹಾಕಿಸಿಕೊಂಡವರೂ ಇದ್ದಾರೆ. ಆದರೆ ಈ ಎಂಜಿನ್ ಒಳಗೆಳೆದ ಗಾಳಿಯನ್ನು ಅದುಮುವ ಪ್ರಮಾಣ, ಅಂದರೆ ಕಂಪ್ರೆಶನ್ ಅನುಪಾತ, 12.5:1, ಅಷ್ಟು ಹೆಚ್ಚಿನ ಅನುಪಾತದ ಮೇಲೆ ಗಾಳಿಯನ್ನು ಒತ್ತಡದಿಂದ ತುಂಬಿದರೆ ಉಳಿಯುವ ಸುರಕ್ಷತೆಯ ಅಂಚು ಕಿರಿದು.

ಈ ವಿಷಯವನ್ನು ಎಂಜಿನ್ ಕ್ಯಾಲಿಬ್ರೇಶನ್ ಕೆಲಸದಲ್ಲಿ ಬಹಳ ವರ್ಷ ಇದ್ದ, ಹುಬ್ಬಳ್ಳಿ ಕಡೆಯ ಹಿರಿಯ ಸ್ನೇಹಿತರೊಬ್ಬರ ಮುಂದಿಟ್ಟೆ. ಅವರು ನನ್ನ ಗ್ರಾಫುಗಳನ್ನು ನೋಡಿ, “ನೋಡ್ರಿ, ನಿಮಗ ಬೇಕಾಗಿದ್ದು ಕಾಗದದ ಮ್ಯಾಗಿನ ನಂಬರ್ರೋ, ಓಡಸೋ ಖುಷಿನೋ? ಅದನ್ನ ಮೊದಲ ಹೇಳ್ರಿ, ಆಮ್ಯಾಲ ಮಾತಾಡೋಣು” ಎಂದರು. ಆಮೇಲೆ ಅವರು ವಿವರಿಸಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ. ಕಂಪನಿಯವರು ಒಂದು ಎಂಜಿನ್ನಿಗೆ ಇಂಧನ ಎಷ್ಟು, ಕಿಡಿ ಯಾವಾಗ ಎಂದು ನಿಗದಿ ಮಾಡುವಾಗ ಹಿಮ ಸುರಿಯುವ ಬೆಳಗನ್ನು, ಸುಡುವ ಬಿಸಿಲನ್ನು, ಎತ್ತರದ ಘಟ್ಟವನ್ನು, ಕಳಪೆ ಪೆಟ್ರೋಲನ್ನು, ಲಕ್ಷ ಕಿಲೋಮೀಟರ್ ಓಡಿ ಹಳತಾದ ಸೆನ್ಸರನ್ನು ಎಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ರೀಮ್ಯಾಪ್ ಮಾಡುವವರು ಸಾಮಾನ್ಯವಾಗಿ ನೋಡುವುದು ಶಕ್ತಿ ಅಳೆಯುವ ಡೈನೋ ಯಂತ್ರದ ಮೇಲೆ ನಿಂತ ಒಂದು ಕಾರನ್ನು, ಒಂದು ಮಧ್ಯಾಹ್ನದಲ್ಲಿ. ಅವರಲ್ಲಿ ಒಳ್ಳೆಯ ಕೆಲಸಗಾರರಿಲ್ಲವೆಂದಲ್ಲ, ಆದರೆ ಅವರು ಗಳಿಸಿಕೊಡುವ ಶಕ್ತಿ ಬರುವುದು ಬಹುಮಟ್ಟಿಗೆ ಸುರಕ್ಷತೆಗೆಂದು ಕಂಪನಿ ಕಾದಿಟ್ಟ ಅಂಚಿನಿಂದಲೇ. ಅಂದಿನಿಂದ ಎಂಜಿನ್ನಿನ ಪ್ರಶ್ನೆ ನನ್ನ ಪಾಲಿಗೆ ಮುಗಿಯಿತು. ಆ ತಗ್ಗಿಗೆ ನಾನು ಕಂಡುಕೊಂಡ ಮದ್ದೆಂದರೆ ಒಂದು ಗೇರ್ ಕೆಳಗಿಳಿಸುವುದು. ಈ ಎಂಜಿನ್ ನಿಜವಾಗಿ ಹಾಡುವುದು 5,000 ದಾಟಿದ ಮೇಲೆಯೇ.

ಸೈಲೆನ್ಸರನ್ನೂ ಮೂಲದ್ದಕ್ಕೇ ಬದಲಿಸಿದ್ದೆ. ಹಿಂದಿನದು ಕಾನೂನುಬದ್ಧವಾಗಿಯೇ ಇತ್ತು, ಆದರೂ ಆಟೊಬಾನ್‌ನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತಲೆಯೊಳಗೆ ಗುಂಯ್ ಎನ್ನುವ ಅದರ ಸದ್ದು ಯಾರಿಗೂ ಹಿತವಾಗಿರಲಿಲ್ಲ. ಇಲ್ಲಿನ ಆರ್‌ಸಿಯಲ್ಲಿ ನಿಂತ ಕಾರಿನ ಸದ್ದು ಎಷ್ಟು ಡೆಸಿಬೆಲ್, ಓಡುವ ಕಾರಿನದು ಎಷ್ಟು ಎಂಬುದು ಯು.1, ಯು.3 ಎಂಬ ಕಾಲಂಗಳಲ್ಲಿ ನಮೂದಾಗಿರುತ್ತದೆ. ಪೊಲೀಸರು ಬೇಕೆಂದರೆ ರಸ್ತೆಬದಿಯಲ್ಲೇ ಅಳೆಯಬಹುದು.

ಋತುವಿನ ಕೊನೆಗೆ ನನ್ನ ಟಿಪ್ಪಣಿಯಲ್ಲಿ ಉಳಿದದ್ದು ಒಂದೇ ದೂರು. ಮುಂದಿನ ಟೈರುಗಳ ಹೊರಅಂಚು ಒಳಅಂಚಿಗಿಂತ ಬಹಳ ಬೇಗ ಸವೆಯುತ್ತಿತ್ತು. ಈ ಕಾರಿನ ಮುಂದಿನ ಚಕ್ರಗಳ ಕ್ಯಾಂಬರ್ ಕಂಪನಿಯಿಂದ ಬರುವಾಗ ಹೆಚ್ಚುಕಡಿಮೆ ಸೊನ್ನೆ. ಅಂದರೆ ಚಕ್ರಗಳು ನೆಟ್ಟಗೆ ನಿಂತಿರುತ್ತವೆ. ಕಾರು ತಿರುವಿನಲ್ಲಿ ವಾಲಿದಾಗ ಹೊರಗಿನ ಚಕ್ರವೂ ಹೊರಕ್ಕೆ ವಾಲಿ ಟೈರಿನ ಅಂಚಿನ ಮೇಲೆ ಭಾರ ಬೀಳುತ್ತದೆ. ದಿನಬಳಕೆಗೆ, ನೇರ ರಸ್ತೆಗೆ, ಅನನುಭವಿ ಚಾಲಕನ ಸುರಕ್ಷತೆಗೆ ಕಂಪನಿ ಇಟ್ಟ ಅಳತೆ ಸರಿಯೇ. ತಿರುವುಗಳಿಗಾಗಿಯೇ ಕಾರು ತೆಗೆಯುವ ನನ್ನಂಥವನಿಗೆ ಅದು ಹೊಂದಲಿಲ್ಲ. ಮೂಲ ಸಸ್ಪೆನ್ಷನ್ನಿನಲ್ಲಿ ಮುಂದಿನ ಕ್ಯಾಂಬರನ್ನು ನನಗೆ ಬೇಕಾದಷ್ಟು ಬದಲಿಸುವ ಅವಕಾಶವಿಲ್ಲ. ಎತ್ತರವನ್ನೂ, ಮೇಲ್ತುದಿಯಲ್ಲಿ ಕ್ಯಾಂಬರನ್ನೂ ಹೊಂದಿಸಬಹುದಾದ, ಟೈಲೆಗುಟಾಖ್ಟನ್ ಇರುವ ಸಸ್ಪೆನ್ಷನ್ ಸೆಟ್ಟೊಂದನ್ನು ಆರಿಸಿದೆ. ಹಣ ಕೊಡುವ ಮೊದಲು ಆ ವರದಿಯನ್ನು ತರಿಸಿ ಓದಿದೆ. ಎಷ್ಟು ತಗ್ಗಿಸಬಹುದು, ಯಾವ ಚಕ್ರಗಳೊಂದಿಗೆ, ಯಾವ ಷರತ್ತಿನ ಮೇಲೆ ಎಂಬುದೆಲ್ಲ ಅದರಲ್ಲಿರುತ್ತದೆ. ಇದನ್ನು ಓದದೆ ಭಾಗ ಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ವರದಿ ಅನುಮತಿಸಿದ ವ್ಯಾಪ್ತಿಯಲ್ಲಿ ಅತಿ ಎತ್ತರದ ಸ್ಥಾನಕ್ಕೆ ಕಾರನ್ನು ನಿಲ್ಲಿಸಿ, ಮುಂದೆ ಹಿಂದೆ ಎರಡೂ ಕಡೆ ಒಂದೂವರೆ ಡಿಗ್ರಿ ಒಳವಾಲು ಕೊಟ್ಟು, ವೀಲ್ ಅಲೈನ್‌ಮೆಂಟಿನ ಮುದ್ರಿತ ಹಾಳೆಯೊಂದಿಗೆ ಪರೀಕ್ಷಾ ಕೇಂದ್ರಕ್ಕೆ ಹೋದೆ.

ಪರೀಕ್ಷಕರು ಮೊದಲು ವರದಿಯನ್ನು ಪುಟ ಬಿಡದೆ ಓದಿದರು. ಟಾರ್ಚು ಹಿಡಿದು ಪ್ರತಿ ಸ್ಪ್ರಿಂಗಿನ ಮೇಲೆ ಒತ್ತಿದ ಸಂಖ್ಯೆಯನ್ನು ಕಾಗದದ ಸಂಖ್ಯೆಯೊಂದಿಗೆ ಹೋಲಿಸಿದರು. ಒಂದರ ಮೇಲೆ ಗ್ರೀಸು ಅಂಟಿತ್ತು, ಬಟ್ಟೆಯಿಂದ ಒರೆಸಿ ಮತ್ತೆ ಓದಿದರು. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಅಳೆದರು. ಆಮೇಲೆ ಮುಂದಿನ ಒಂದು ಚಕ್ರವನ್ನೂ ಅದಕ್ಕೆ ಮೂಲೆಯೆದುರಿನ ಹಿಂದಿನ ಚಕ್ರವನ್ನೂ ಎತ್ತರದ ದಿಮ್ಮಿಗಳ ಮೇಲೆ ಹತ್ತಿಸಿದರು. ಕಾರು ತಿರುಚಿಕೊಂಡು ನಿಂತಿತು. ಆ ಸ್ಥಿತಿಯಲ್ಲಿ ಸ್ಟೇರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಲು ನನಗೆ ಹೇಳಿ, ತಾವು ಚಕ್ರದ ಪಕ್ಕ ಕುಳಿತು ಟೈರಿಗೂ ಒಳಗಿನ ಪ್ಲಾಸ್ಟಿಕ್ಕಿಗೂ, ಬ್ರೇಕ್ ಕೊಳವೆಗೂ ನಡುವಿನ ಅಂತರವನ್ನು ಬೆರಳಿಟ್ಟು ನೋಡಿದರು. ಟೈರಿನ ನೆಲ ಮುಟ್ಟುವ ಭಾಗವು ಚಕ್ರದ ನಡುಬಿಂದುವಿನಿಂದ ಮುಂದಕ್ಕೆ 30 ಡಿಗ್ರಿ, ಹಿಂದಕ್ಕೆ 50 ಡಿಗ್ರಿಯವರೆಗೆ ಕಾರಿನ ಮೈಯಿಂದ ಮುಚ್ಚಿರಬೇಕೆಂಬ ನಿಯಮವಿದೆ, ಅದನ್ನೂ ನೋಡಿದರು. ಎತ್ತರ ಸ್ವಲ್ಪ ಬದಲಾದ್ದರಿಂದ ಹೆಡ್‌ಲೈಟಿನ ಬೆಳಕು ಎಲ್ಲಿ ಬೀಳುತ್ತದೆಂದು ಅಳೆದು, ಕೊನೆಗೆ ತಾವೇ ಓಡಿಸಿಕೊಂಡು ಹೋಗಿ ಬಂದರು. ಈ ಶ್ರದ್ಧೆಯನ್ನು ಕಂಡು ನನಗೆ ಗೌರವ ಮೂಡಿತು. ಅವರು ಸಹಿ ಮಾಡುವುದೆಂದರೆ, ಎದುರಿನಿಂದ ಬರುವವರ ಪರವಾಗಿ ಒಬ್ಬರು ಈ ಕಾರನ್ನು ನೋಡಿದ್ದಾರೆ ಎಂದರ್ಥ.

ಆ ಪ್ರಮಾಣಪತ್ರವನ್ನು ನೋಂದಣಿ ಕಚೇರಿಗೆ ಕೊಟ್ಟಾಗ ಆರ್‌ಸಿಯ 22ನೆಯ ಕಾಲಂನಲ್ಲಿ ವಿವರ ಮುದ್ರಿತವಾಯಿತು. ವಿಮಾ ಕಂಪನಿಗೆ ಪ್ರತಿ ಕಳಿಸಿದೆ. ಕಂತು ಬದಲಾಗುವುದಿಲ್ಲವೆಂದು ಉತ್ತರ ಬಂತು. ಅಪಘಾತವಾದ ಮೇಲೆ ಈ ಪತ್ರವ್ಯವಹಾರ ಮಾಡಲಾಗುವುದಿಲ್ಲ.

ಬೆಲೆಯ ವಿಷಯವನ್ನೂ ಹೇಳಬೇಕು. ಜಿಟಿ86ರ ಉತ್ತರಾಧಿಕಾರಿಯಾದ 2.4 ಲೀಟರಿನ ಜಿಆರ್86 ಯೂರೋಪಿನಲ್ಲಿ 2022ರಿಂದ ಸುಮಾರು ಎರಡೇ ವರ್ಷ ಮಾರಾಟವಾಯಿತು; 2024ರ ಜುಲೈನಿಂದ ಕಡ್ಡಾಯವಾದ ಸುರಕ್ಷತಾ ನಿಯಮಗಳಿಗೆ ಅದು ಹೊಂದಲಿಲ್ಲ. ಹೀಗೆ ಹಗುರವಾದ, ಟರ್ಬೊ ಇಲ್ಲದ, ಹಿಂದಿನ ಚಕ್ರ ಎಳೆಯುವ, ಮಧ್ಯಮ ವರ್ಗದ ಕೈಗೆಟುಕುವ ಕೂಪೆ ಇಲ್ಲಿ ಮತ್ತೆ ಬರುವುದು ಕಷ್ಟ. ಆದ್ದರಿಂದ ಮುಟ್ಟದ ಕಾರುಗಳಿಗೆ ಬೇಡಿಕೆ ಇರುತ್ತದೆ. ನಾನು ಮಾರುವ ಲೆಕ್ಕದಲ್ಲಿ ಇಟ್ಟುಕೊಂಡವನಲ್ಲ. ಆದರೂ ಇಂಥ ಕಾರನ್ನು ಕತ್ತರಿಸಿ, ಬೆಸುಗೆ ಹಾಕಿ, ಹಿಂದಿರುಗಲಾಗದಂತೆ ಬದಲಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಬೋಲ್ಟು ಬಿಚ್ಚಿ ಮೊದಲಿನಂತೆ ಮಾಡಬಹುದಾದ ಬದಲಾವಣೆಯಷ್ಟನ್ನೇ ನಾನು ಒಪ್ಪುತ್ತೇನೆ. ಕಳಚಿದ ಮೂಲ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳಿಗೆ ಎಣ್ಣೆ ಸವರಿ, ಎಡ ಬಲ ಚೀಟಿ ಅಂಟಿಸಿ ನೆಲಮಾಳಿಗೆಯಲ್ಲಿ ಇಟ್ಟಿದ್ದೇನೆ.

ಭಾವನವರು ಕೊನೆಗೆ ರೀಮ್ಯಾಪ್ ಮಾಡಿಸಲಿಲ್ಲ. ಒಳ್ಳೆಯ ಟೈರು ಹಾಕಿಸಿ, ಬ್ರೇಕ್ ಆಯಿಲ್ ಬದಲಿಸಿ, ಅಲೈನ್‌ಮೆಂಟ್ ಸರಿಮಾಡಿಸಿ ಚಾರ್ಮಾಡಿ ಘಾಟಿ ಇಳಿದು ಬಂದರು. “ಕಾರು ಹೊಸದಾದಂಗಾಯ್ತಪ್ಪ” ಎಂದರು. ನನ್ನ ಕಾರಿನ ಈ ಋತು ಮುಗಿದಾಗ ಮುಂದಿನ ಟೈರುಗಳ ಆಳವನ್ನು ಗೇಜಿನಿಂದ ಅಳೆದೆ: ಒಳಅಂಚು 5.2 ಮಿಲಿಮೀಟರ್, ನಡುವೆ 5.1, ಹೊರಅಂಚು 5.0. ಮುಂದಿನ ಏಪ್ರಿಲ್‌ಗೆ ಕಾರಿನಲ್ಲಿ ಬದಲಿಸಬೇಕಾದದ್ದು ಎಂಜಿನ್ ಆಯಿಲ್ ಮತ್ತು ಬ್ರೇಕ್ ಆಯಿಲ್ ಮಾತ್ರ.